ಮಕ್ಕಳ ಯೋಚನೆಗೆ ಗುರಿ ಬರೆಯುವುದು ಹೇಗೆ?

ಪ್ರಶ್ನೆ: ನಾನು ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುತ್ತೇನೆ. ಪಾಠ ಯೋಜನೆಯ ಉದ್ದೇಶದ ಕಾಲಂನಲ್ಲಿ ಪ್ರತಿ ವರ್ಷ ‘ವಿಮರ್ಶಾತ್ಮಕ ಚಿಂತನೆ ಬೆಳೆಸುವುದು’, ‘ವೈಜ್ಞಾನಿಕ ಮನೋಭಾವ ಮೂಡಿಸುವುದು’ ಎಂದು ಬರೆಯುತ್ತ ಬಂದಿದ್ದೇನೆ. ಹೋದ ತಿಂಗಳು ಶಾಲೆಗೆ ಬಂದ ಅಧಿಕಾರಿಯೊಬ್ಬರು ವಹಿ ತೆರೆದು, “ಇದು ಬೆಳೀತು ಅಂತ ಮಾರ್ಚಿನಾಗ ನಿಮಗ ಹೆಂಗ ಗೊತ್ತಾಗತೈತ್ರಿ?” ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಏಳನೇ ತರಗತಿಯಲ್ಲಿ 42 ಮಕ್ಕಳಿದ್ದಾರೆ. ಅರ್ಧದಷ್ಟು ಮಕ್ಕಳು ತಾಂಡಾದಿಂದ ಬರುತ್ತಾರೆ. ಪ್ರಶ್ನೆ ಕೇಳಿದರೆ ಮಾತಾಡುವವರು ಅದೇ ನಾಲ್ಕೈದು ಮಂದಿ. ಯೋಚನೆಗೆ ಗುರಿ ಇಡಲು ನಿಜವಾಗಿಯೂ ಬರುತ್ತದೆಯೇ? ಎಷ್ಟು ಗುರಿ ಇಡಬೇಕು? ಇದೆಲ್ಲ ಮಾಡುತ್ತ ಕೂತರೆ ಸಿಲೆಬಸ್ ಮುಗಿಯುವುದು ಹೇಗೆ?

ಉತ್ತರ: ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಅದನ್ನು ತಪ್ಪು ಹುಡುಕುವ ಮಾತು ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಯೋಚನೆಗೆ ಗುರಿ ಇಡಲು ಬರುತ್ತದೆ. ಆದರೆ ನೀವು ಬರೆದಿರುವ ಎರಡೂ ಸಾಲುಗಳು ಗುರಿಗಳಲ್ಲ, ಆಸೆಗಳು. ಒಳ್ಳೆಯ ಆಸೆಗಳೇ. ಗುರಿಯ ಸಾಲು ಓದಿದ ಕೂಡಲೇ ಮಗುವಿನ ದನಿ ಕಿವಿಗೆ ಬೀಳಬೇಕು: ಅದು ಏನು ಹೇಳುತ್ತಿದೆ, ಯಾವುದರ ಬಗ್ಗೆ ಹೇಳುತ್ತಿದೆ, ಹೋದ ತಿಂಗಳು ಹೇಳದೆ ಇದ್ದದ್ದನ್ನು ಈಗ ಹೇಗೆ ಹೇಳುತ್ತಿದೆ. ‘ವಿಮರ್ಶಾತ್ಮಕ ಚಿಂತನೆ’ ಎಂದು ಓದಿದಾಗ ನನಗಂತೂ ಯಾವ ಮಗುವಿನ ದನಿಯೂ ಕೇಳುವುದಿಲ್ಲ.

ಇದನ್ನು ಕಲಿಯಲು ನನಗೇ ಬಹಳ ವರ್ಷ ಬೇಕಾಯಿತು. ಧಾರವಾಡದಲ್ಲಿ ಶಿಕ್ಷಕರ ತರಬೇತಿ ನಡೆಸುತ್ತಿದ್ದ ಮೊದಲ ದಿನಗಳಲ್ಲಿ ನಾನು ಎಲ್ಲರಿಗೂ ಕ್ರಿಯಾಪದಗಳ ಒಂದು ಪಟ್ಟಿ ಹಂಚುತ್ತಿದ್ದೆ. ಸ್ಮರಿಸಿಕೊಳ್ಳುವನು, ಗುರುತಿಸುವನು, ಹೋಲಿಸುವನು, ವಿಶ್ಲೇಷಿಸುವನು, ಹೀಗೆ. ಆ ಪಟ್ಟಿ ಜಿಲ್ಲೆಯ ಎಷ್ಟೋ ಶಾಲೆಗಳ ಪಾಠ ಟಿಪ್ಪಣಿಗೆ ಹಾಗೇ ಇಳಿಯಿತು. ಒಮ್ಮೆ ಒಂದು ತರಗತಿ ನೋಡಲು ಹೋದಾಗ ಟಿಪ್ಪಣಿಯಲ್ಲಿ ‘ವಿದ್ಯಾರ್ಥಿಯು ಹೂವಿನ ಭಾಗಗಳನ್ನು ವಿಶ್ಲೇಷಿಸುವನು’ ಎಂದಿತ್ತು. ತರಗತಿಯಲ್ಲಿ ನಡೆದದ್ದು ಮಾತ್ರ ಪುಷ್ಪಪತ್ರ, ದಳ, ಕೇಸರ, ಶಲಾಕೆ ಎಂದು ಎಲ್ಲರೂ ಕೂಡಿ ಹೇಳುವುದು. ಶಿಕ್ಷಕರ ತಪ್ಪೇನೂ ಇರಲಿಲ್ಲ. ಪದ ಬದಲಾದರೆ ಕೆಲಸವೂ ಬದಲಾಗುತ್ತದೆ ಎಂಬ ನಂಬಿಕೆಯನ್ನು ಅವರಿಗೆ ಕೊಟ್ಟವನು ನಾನೇ. ಆ ಪಟ್ಟಿ ನಿಮ್ಮ ಹತ್ತಿರವೂ ಇದ್ದರೆ ಈ ವರ್ಷದ ಮಟ್ಟಿಗೆ ಅದನ್ನು ಪಕ್ಕಕ್ಕಿಡಿ.

ಪಟ್ಟಿಯ ಮೂಲ ನಿಮಗೆ ಬಿ.ಎಡ್‌ನಲ್ಲಿ ಬಂದಿರುತ್ತದೆ. ಅಮೆರಿಕದ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕಲಿಕೆಯ ಉದ್ದೇಶಗಳನ್ನು ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯಮಾಪನ ಎಂದು ಆರು ಬಗೆಯಾಗಿ ವಿಂಗಡಿಸಿದರು. ಅವರಲ್ಲಿ ಹೆಚ್ಚಿನವರು ಕಾಲೇಜುಗಳ ಪರೀಕ್ಷೆ ನೋಡಿಕೊಳ್ಳುವವರು. ಪ್ರಶ್ನೆಗಳನ್ನು ಒಂದೇ ಭಾಷೆಯಲ್ಲಿ ವಿಂಗಡಿಸಿಕೊಂಡರೆ ತಮ್ಮತಮ್ಮಲ್ಲಿ ಹಂಚಿಕೊಳ್ಳಬಹುದು ಎಂಬುದು ಅವರ ಆರಂಭದ ಗರಜು. 2001ರಲ್ಲಿ ಆ್ಯಂಡರ್ಸನ್ ಮತ್ತು ಕ್ರಾಥ್‌ವೋಲ್ ಅದನ್ನು ತಿದ್ದಿ ನಾಮಪದಗಳ ಜಾಗದಲ್ಲಿ ಕ್ರಿಯಾಪದ ತಂದರು, ‘ಸೃಷ್ಟಿಸುವುದು’ ಎಂಬುದನ್ನು ತುದಿಗೆ ಇಟ್ಟರು. ನಮ್ಮಲ್ಲಿ ಯಾವ ಬಗೆಯ ಪ್ರಶ್ನೆಗೆ ಎಷ್ಟು ಅಂಕ ಎಂದು ತೋರಿಸುವ ಪ್ರಶ್ನೆಪತ್ರಿಕೆಯ ನೀಲನಕ್ಷೆಗೆ ಬರುವ ಸ್ಮರಣೆ, ಗ್ರಹಿಕೆ, ಅನ್ವಯ, ಕೌಶಲ ಎಂಬ ಕಾಲಂಗಳೂ ಆ ಬೇರಿನಿಂದಲೇ ಚಿಗುರಿದವು. ವಿಂಗಡಣೆಯಲ್ಲಿ ದೋಷವಿಲ್ಲ. ನಾವು ಅದನ್ನು ಏಣಿಯಂತೆ ಓದಿದ್ದೇ ತೊಂದರೆಯಾಯಿತು. ಮೊದಲು ಎಲ್ಲವೂ ಬಾಯಿಪಾಠವಾಗಲಿ, ಆಮೇಲೆ ತಿಳಿಯಲಿ, ಯೋಚನೆ ಕಡೆಗೆ ಬರಲಿ ಅಂದುಕೊಂಡೆವು. ಆ ‘ಕಡೆಗೆ’ ಫೆಬ್ರುವರಿಯಲ್ಲಿ ಬರುತ್ತದೆ. ಆಗ ರಿವಿಜನ್ ಶುರುವಾಗಿರುತ್ತದೆ. ಮಗು ಕಾರಣ ಹುಡುಕುವಾಗಲೇ ಹೆಸರುಗಳು ನೆನಪಿನಲ್ಲಿ ಉಳಿಯುತ್ತವೆ. ಯೋಚನೆ ಪಾಠದ ಕೊನೆಯ ಹತ್ತು ನಿಮಿಷಕ್ಕೆ ಕಾಯಬೇಕಾಗಿಲ್ಲ.

ಇನ್ನು ಎಷ್ಟು ಗುರಿ ಎಂಬ ಮಾತು. ವರ್ಷಕ್ಕೆ ಮೂರು ಸಾಕು. ಮೊದಲ ವರ್ಷ ಎರಡೇ ಇಟ್ಟುಕೊಂಡರೂ ನಾನು ಬೇಡ ಅನ್ನುವುದಿಲ್ಲ. ನಿಮ್ಮ ವಿಷಯಗಳಿಗೆ, ನಿಮ್ಮ ಮಕ್ಕಳ ವಯಸ್ಸಿಗೆ ನಾನಾದರೆ ಇವನ್ನು ಆರಿಸುತ್ತೇನೆ: ಆಧಾರ ಸಹಿತ ಕಾರಣ ಹೇಳುವುದು, ಲೆಕ್ಕಕ್ಕೆ ಮೊದಲು ಅಂದಾಜು ಹೇಳಿ ಆ ಅಂದಾಜು ಎಲ್ಲಿಂದ ಬಂತು ಎಂದು ತೋರಿಸುವುದು, ಎಲ್ಲರೂ ಹೇಳುವ ಒಂದು ಮಾತು ನಿಜವೇ ಎಂದು ಪರೀಕ್ಷಿಸುವ ದಾರಿ ಹೇಳುವುದು. ಮೊದಲನೆಯದು ದಸರಾ ರಜೆಯ ತನಕ. ಎರಡನೆಯದು ಗಣಿತದ ಪಾಠಗಳ ಒಳಗೇ ವರ್ಷವಿಡೀ. ಮೂರನೆಯದು ರಜೆ ಮುಗಿದ ಮೇಲೆ.

ಮೊದಲನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಉಳಿದೆರಡೂ ಇದರ ಮೇಲೇ ನಿಂತಿವೆ.

ನಿಮ್ಮ ತಾಲ್ಲೂಕಿನಲ್ಲಿ ಎರಿ ಎನ್ನುವ ಕಪ್ಪು ಮಣ್ಣಿನ ಹೊಲವೂ ಉಂಟು, ಮಸಾರಿ ಎನ್ನುವ ಕೆಂಪು ಮಣ್ಣಿನದೂ ಉಂಟು. ಹಿಂಗಾರಿ ಜೋಳ ಎರಿಯಲ್ಲಿ ಮಳೆಯಿಲ್ಲದೆಯೂ ಬರುತ್ತದೆ ಎಂಬುದು ನಿಮ್ಮ ತರಗತಿಯ ಪ್ರತಿ ಮಗುವಿಗೂ ಗೊತ್ತು. ಮಣ್ಣಿನ ಪಾಠಕ್ಕೆ ಬಂದಾಗ ಪುಸ್ತಕ ತೆರೆಯುವ ಮೊದಲು ಒಂದೇ ಪ್ರಶ್ನೆ ಕೇಳಿ: “ಜ್ವಾಳ ಎರಿಯಾಗ ಯಾಕ ಬಿತ್ತತಾರ, ಮಸಾರಿಯಾಗ ಯಾಕ ಅಷ್ಟು ಬಿತ್ತಂಗಿಲ್ಲ?” ಬರುವ ಉತ್ತರಗಳನ್ನು ಕಿವಿಗೊಟ್ಟು ಕೇಳಿದರೆ ಅವು ನಾಲ್ಕು ಥರ ಇರುತ್ತವೆ. “ಎರಿಯಾಗ ಚಲೋ ಬೆಳಿತೈತ್ರಿ” ಎಂಬುದು ಒಂದು. ಇದರಲ್ಲಿ ಹೇಳಿಕೆ ಮಾತ್ರ ಇದೆ. “ಎರಿ ನೀರು ಹಿಡಿತೈತ್ರಿ, ಅದಕ್ಕ” ಎಂಬುದರಲ್ಲಿ ಕಾರಣ ಬಂತು. ಇಷ್ಟಕ್ಕೇ ನಾವು ಭಪ್ಪರೆ ಅಂದು ಮುಂದೆ ಹೋಗುತ್ತೇವೆ. ಹೋಗಬೇಡಿ. “ನೀರು ಹಿಡಿತೈತಿ ಅಂತ ನಿನಗ ಹೆಂಗ ಗೊತ್ತಾತು?” ಎಂದು ಕೇಳಿ ನಿಲ್ಲಿ. ಇಲ್ಲಿಂದಾಚೆಗೇ ನಿಮ್ಮ ಗುರಿ ಇರುವುದು.

ನೀರಿನ ಎರಡು ಖಾಲಿ ಬಾಟಲಿಗಳನ್ನು ಅರ್ಧಕ್ಕೆ ಕತ್ತರಿಸಿ. ಮುಚ್ಚಳಕ್ಕೆ ಮೊಳೆಯಿಂದ ನಾಲ್ಕು ತೂತು ಮಾಡಿ, ಒಳಗೆ ಬಟ್ಟೆಯ ತುಂಡು ಇಟ್ಟು, ಬಾಯಿ ಕೆಳಗಾಗಿ ನಿಲ್ಲಿಸಿ. ಒಂದರಲ್ಲಿ ಅರ್ಧ ಕೆಜಿ ಒಣಗಿಸಿ ಪುಡಿ ಮಾಡಿದ ಎರಿ ಮಣ್ಣು, ಇನ್ನೊಂದರಲ್ಲಿ ಅಷ್ಟೇ ಮಸಾರಿ. ಎರಡಕ್ಕೂ 250 ಮಿಲಿ ಲೀಟರ್ ನೀರು ಹಾಕಿ, ಕೆಳಗೆ ಇಳಿದ ನೀರನ್ನು ಅಳೆಯಿರಿ. ನೀರು ಹಾಕುವ ಮೊದಲು ಪ್ರತಿ ಮಗುವೂ ಏನಾಗುತ್ತದೆ ಎಂದು ಒಂದು ಸಾಲು ಬರೆಯಲಿ. ಹೀಗೆ ಮುಂಚೆ ಬರೆಸುವುದನ್ನು ಬಿಡಬೇಡಿ. ಬರೆದ ಮಗು ನೋಡುವ ರೀತಿಯೇ ಬೇರೆ. ಆಮೇಲೆ ಅದೇ ಪ್ರಶ್ನೆ ಕೇಳಿದರೆ, “ಎರಡಕ್ಕೂ ಅಷ್ಟಷ್ಟ ನೀರು ಹಾಕಿದ್ವಿರಿ, ಎರಿ ಬಾಟ್ಲಿಯಿಂದ ಕಮ್ಮಿ ನೀರು ಕೆಳಗ ಬಂತು, ಅದಕ್ಕ ಎರಿ ನೀರು ಹಿಡಿತೈತಿ ಅಂತ ಹೇಳತೀನಿ” ಎಂಬ ಮಾತು ಬರುತ್ತದೆ. ಕಾರಣಕ್ಕೆ ಆಧಾರ ಕೂಡಿತು. ಇದು ಮೂರನೆಯ ಥರ.

ನಾಲ್ಕನೆಯದು ತಾನಾಗಿ ಬರುವವರೆಗೆ ಕಾಯಬೇಕು. ಇಂಥದೇ ಪಾಠ ನಡೆಯುತ್ತಿದ್ದ ಒಂದು ತರಗತಿಯ ಹಿಂದೆ ನಾನು ಕೂತಿದ್ದೆ. ಅಷ್ಟು ಹೊತ್ತೂ ಸುಮ್ಮನಿದ್ದ ಒಬ್ಬ ಹುಡುಗಿ ಎದ್ದು, “ಬ್ಯಾಸಗ್ಯಾಗ ನಮ್ಮ ಹೊಲಾ ಬಿರುಕು ಬಿಟ್ಟಿರತೈತ್ರಿ. ಮೊದಲ ಮಳಿ ನೀರು ಬಿರುಕಿನ್ಯಾಗ ಸರ್ರಂತ ಇಳಿದು ಹೋಕ್ಕೈತಿ. ಆವಾಗ ಎಲ್ಲಿ ಹಿಡಿತೈತ್ರಿ?” ಅಂದಳು. ಅವಳು ಹೇಳಿದ್ದು ಅಕ್ಷರಶಃ ಸರಿ. ಎರಿಯ ಜಿಗುಟು ಕಣಗಳು ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಕುಗ್ಗಿದಾಗ ಬಿರುಕು. ಬಿರುಕು ಇರುವಷ್ಟು ಹೊತ್ತು ನೀರು ಸೀದಾ ಕೆಳಗೆ ಇಳಿಯುತ್ತದೆ, ಮಣ್ಣು ಉಬ್ಬಿ ಬಿರುಕು ಕೂಡಿಕೊಂಡ ಮೇಲೆ ನಿಧಾನವಾಗುತ್ತದೆ. ನಾವು ಮಣ್ಣನ್ನು ಪುಡಿ ಮಾಡಿ ಬಾಟಲಿಗೆ ಹಾಕಿದ್ದರಿಂದ ನಮ್ಮ ಪ್ರಯೋಗದಲ್ಲಿ ಬಿರುಕೇ ಇರಲಿಲ್ಲ. ತಾನು ನಂಬಿದ ಮಾತು ಎಲ್ಲಿಯವರೆಗೆ ನಿಜ, ಎಲ್ಲಿಂದ ಸುಳ್ಳಾಗುತ್ತದೆ ಎಂದು ಕೇಳಿದ ಆ ಹುಡುಗಿಯ ಪ್ರಶ್ನೆಯನ್ನು ವಿಮರ್ಶಾತ್ಮಕ ಚಿಂತನೆ ಅನ್ನದೆ ಬೇರೆ ಯಾವುದನ್ನು ಅನ್ನೋಣ?

ಈಗ ಇದನ್ನು ವಹಿಯಲ್ಲಿ ಹೀಗೆ ಬರೆಯಬಹುದು: ‘ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಏಳನೇ ತರಗತಿಯ 42 ಮಕ್ಕಳಲ್ಲಿ ಕನಿಷ್ಠ 30 ಮಕ್ಕಳು, ತರಗತಿಯಲ್ಲಿ ಮೊದಲು ಚರ್ಚೆಯಾಗದ ಒಂದು ಸಂಗತಿಗೆ ಕಾರಣ ಹೇಳುವಾಗ, ತಾವೇ ಕಂಡ ಅಥವಾ ಅಳೆದ ಒಂದು ಆಧಾರವನ್ನಾದರೂ ಸೇರಿಸಿ ಹೇಳುವರು.’ 30 ಎಂಬ ಸಂಖ್ಯೆ ನನ್ನದು. ನೀವು ಜೂನ್‌ನಲ್ಲೇ ಒಮ್ಮೆ ಕೇಳಿ ನೋಡಿ, ಎಷ್ಟು ಮಕ್ಕಳು ಈಗಾಗಲೇ ಹಾಗೆ ಹೇಳುತ್ತಾರೆ ಎಂದು ಎಣಿಸಿ, ಆಮೇಲೆ ನಿಮ್ಮ ಸಂಖ್ಯೆ ಹಾಕಿಕೊಳ್ಳಿ. ‘ಮೊದಲು ಚರ್ಚೆಯಾಗದ’ ಎಂಬ ಮಾತನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಎರಿ ಮಣ್ಣಿನ ಪ್ರಶ್ನೆಯನ್ನೇ ಮತ್ತೆ ಕೇಳಿದರೆ ಮಗು ನೆನಪಿನಿಂದ ಉತ್ತರಿಸುತ್ತದೆ, ನೀವು ಅಳೆದದ್ದು ಸ್ಮರಣೆಯಾಗುತ್ತದೆ. ಕಪ್ಪತಗುಡ್ಡದ ನೆತ್ತಿಯ ಮೇಲೆಯೇ ಗಾಳಿಯಂತ್ರ ಯಾಕೆ ನಿಲ್ಲಿಸಿದ್ದಾರೆ, ಮಣ್ಣಿನ ಗಡಿಗೆಯ ನೀರು ಸ್ಟೀಲ್ ಕೊಡದ ನೀರಿಗಿಂತ ಯಾಕೆ ತಣ್ಣಗಿರುತ್ತದೆ, ಹೀಗೆ ಬೇರೆ ಕಡೆಗೆ ಹೋಗಿ ಕೇಳಿ.

ಎರಡನೆಯ ಗುರಿ ಸುಲಭದ್ದು, ಬೇಗ ಹೇಳಿ ಮುಗಿಸುತ್ತೇನೆ. ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, ಜಗತ್ತಿನಲ್ಲೇ ಉದ್ದದ್ದು ಎಂದು ಮಕ್ಕಳು ಕೇಳಿರುತ್ತಾರೆ. ಈ ತುದಿಯಿಂದ ಆ ತುದಿಗೆ ನಡೆಯಲು ಎಷ್ಟು ನಿಮಿಷ ಬೇಕು? ಮೊದಲ ಉತ್ತರಗಳು ಐದು ನಿಮಿಷದಿಂದ ಎರಡು ತಾಸಿನ ತನಕ ಬರುತ್ತವೆ. ಆಗ ಯಾರೂ ಸರಿ ಹೇಳಬೇಕಾಗಿಲ್ಲ. “ನಾನು ಬಸ್ ಸ್ಟ್ಯಾಂಡಿನಿಂದ ಸಾಲಿಗೆ ಹತ್ತು ನಿಮಿಷದಾಗ ಬರತೀನ್ರಿ, ಅದು ಇದರ ಅರ್ಧ ಇರಬಹುದು” ಎಂದು ಯಾವ ಮಗು ಹೇಳುತ್ತದೆಯೋ ಅದು ಗುರಿ ಮುಟ್ಟಿತು. ಶಾಲೆಯ ಅಂಗಳದಲ್ಲಿ 100 ಮೀಟರ್ ಅಳೆದು ನಡೆಸಿ ನೋಡಿದರೆ ಇಪ್ಪತ್ತು ಇಪ್ಪತ್ತೈದು ನಿಮಿಷದ ಆಸುಪಾಸು ಬರುತ್ತದೆ. ಒಂದು ಬೋಗಿ ಸುಮಾರು 24 ಮೀಟರ್ ಎಂದು ನೀವು ಹೇಳಿದರೆ ಅರವತ್ತಕ್ಕೂ ಹೆಚ್ಚು ಬೋಗಿ ಹಿಡಿಯುತ್ತದೆ ಎಂದು ಅವರೇ ಲೆಕ್ಕ ಹಾಕುತ್ತಾರೆ. ಒಂದು ರೈಲಿಗೆ ಅಷ್ಟು ಬೋಗಿ ಇರುವುದಿಲ್ಲವಲ್ಲ, ಹಾಗಾದರೆ ಇಷ್ಟು ಉದ್ದ ಯಾಕೆ ಕಟ್ಟಿದರು ಎಂಬ ಪ್ರಶ್ನೆ ತಾನೇ ಏಳುತ್ತದೆ. ಭಾಗಾಕಾರದ ಲೆಕ್ಕವೂ ಮುಗಿದಿರುತ್ತದೆ.

ಮೂರನೆಯ ಗುರಿಗೆ ಹಾವೇರಿ ಜಿಲ್ಲೆಯ ಒಂದು ಶಾಲೆಯಲ್ಲಿ ನಾನು ಕಂಡದ್ದನ್ನು ಹೇಳಬೇಕು. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹಾಕುವ ಮನೆಗಳ ಮಕ್ಕಳೇ ಅಲ್ಲಿ ಹೆಚ್ಚು. ಶಿಕ್ಷಕರು ಬೋರ್ಡಿನ ಮೇಲೆ ‘ಎಷ್ಟು ಕೆಂಪೋ ಅಷ್ಟು ಖಾರ’ ಎಂದು ಬರೆದು, ಈ ಮಾತು ಖರೆಯೋ ಸುಳ್ಳೋ ಎಂದು ಕೇಳಲಿಲ್ಲ. ಖರೆಯೋ ಸುಳ್ಳೋ ಎಂದು ತಿಳಿಯಲು ಏನು ಮಾಡಬೇಕು ಎಂದು ಕೇಳಿದರು. ಈ ಎರಡು ಪ್ರಶ್ನೆಗಳ ನಡುವಿನ ಅಂತರವೇ ಈ ಗುರಿಯ ಜೀವ. ಮೊದಲ ಪ್ರಶ್ನೆಗೆ ಕೈ ಎತ್ತಿದರೆ ಮುಗಿಯಿತು. ಎರಡನೆಯದಕ್ಕೆ ಕೈ ಎತ್ತಿದವನು ಒಂದು ದಾರಿ ಹೇಳಲೇಬೇಕು.

ಒಬ್ಬ ಹುಡುಗ ಎರಡು ಬಟ್ಟಲು ಸಾರು ಮಾಡಿಸೋಣ ಎಂದ. ಒಂದಕ್ಕೆ ಬ್ಯಾಡಗಿ, ಒಂದಕ್ಕೆ ಗುಂಟೂರು. ಇನ್ನೊಬ್ಬ ಎರಡಕ್ಕೂ ಅಷ್ಟೇ ಕಾಯಿ ಹಾಕಬೇಕು ಎಂದ. ಎಣಿಸಿ ಹಾಕಬೇಕೋ ತೂಗಿ ಹಾಕಬೇಕೋ ಎಂದು ವಾದ ಹತ್ತಿತು. ಒಂದು ಹುಡುಗಿ, “ಮೊದಲ ಖಾರದ್ದು ಉಂಡ್ರ ನಾಲಿಗಿ ಉರಿತಿರತೈತ್ರಿ, ಎರಡನೇದು ಹೆಂಗೈತಿ ಅಂತ ತಿಳಿಯಂಗಿಲ್ಲ. ನಡುವ ಮಜ್ಜಿಗಿ ಕುಡೀಬೇಕು” ಎಂದಳು. ಮತ್ತೊಬ್ಬಳು, ಯಾವ ಬಟ್ಟಲಿನಲ್ಲಿ ಯಾವ ಕಾಯಿ ಎಂದು ಉಣ್ಣುವವರಿಗೆ ಹೇಳಬಾರದು ಎಂದಳು. ವಿಜ್ಞಾನಿಗಳು ಪ್ರಯೋಗ ಮಾಡುವಾಗ ಪಾಲಿಸುವ ಮುಖ್ಯ ಎಚ್ಚರಿಕೆಗಳೆಲ್ಲ ಅರ್ಧ ತಾಸಿನಲ್ಲಿ ಆ ಕೋಣೆಯೊಳಗೆ ಬಂದವು. ಮೆಣಸಿನಕಾಯಿಯನ್ನು ತರಗತಿಗೆ ತರಲಿಲ್ಲ, ತರಲೂಬಾರದು, ಮಕ್ಕಳ ಕಣ್ಣಿಗೆ ಕೈ ಹೋಗುತ್ತದೆ. ಯೋಜನೆ ಹೇಳುವುದೇ ಆ ದಿನದ ಕೆಲಸವಾಗಿತ್ತು. ಮನೆಗೆ ಹೋಗಿ ಅವ್ವನನ್ನು, ಅಜ್ಜಿಯನ್ನು ಕೇಳಿಕೊಂಡು ಬಂದರು: ಬ್ಯಾಡಗಿ ಕಾಯಿ ಹೆಚ್ಚು ಹಾಕಿದರೂ ಬಣ್ಣ ಬರುತ್ತದೆ, ಖಾರ ಅಷ್ಟು ಏರುವುದಿಲ್ಲ. ಕೆಂಪು ಕೊಡುವ ವಸ್ತು ಕ್ಯಾಪ್ಸಾಂಥಿನ್, ಖಾರ ಕೊಡುವುದು ಕ್ಯಾಪ್ಸೈಸಿನ್, ಎರಡೂ ಬೇರೆ ಬೇರೆ ಎಂದು ಶಿಕ್ಷಕರು ಹೇಳಿದ್ದು ಮರುದಿನ. ಬಣ್ಣಕ್ಕಾಗಿಯೇ ಈ ಕಾಯಿಯಿಂದ ಸತ್ವ ತೆಗೆಯುತ್ತಾರೆ, ಅದು ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ಗೂ ಹೋಗುತ್ತದೆ ಎಂದಾಗ ಮಕ್ಕಳ ಮುಖ ನೋಡಬೇಕಿತ್ತು. ಆ ಎರಡು ರಾಸಾಯನಿಕ ಹೆಸರುಗಳನ್ನು ಮೊದಲ ದಿನವೇ ಬೋರ್ಡಿಗೆ ಬರೆದಿದ್ದರೆ ಮಜ್ಜಿಗೆಯ ಮಾತು ಹುಟ್ಟುತ್ತಲೇ ಇರಲಿಲ್ಲ.

ಇದನ್ನು ನಿಮ್ಮ ಶಾಲೆಯ ಸಮಾಜ ವಿಜ್ಞಾನದವರೂ ಎತ್ತಿಕೊಳ್ಳಬಹುದು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ನಾವೆಲ್ಲ ಅಭಿಮಾನದಿಂದ ಹೇಳುತ್ತೇವೆ. ‘ಮೊದಲನೆಯದು’ ಎಂದು ಹೇಳಬೇಕಾದರೆ ಯಾವ ಯಾವ ದಾಖಲೆ ನೋಡಬೇಕು ಎಂದು ಮಕ್ಕಳನ್ನು ಕೇಳಿ. ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ ಎಂದು ಹೇಳಿ, ಕಾಯ್ದೆ ಇಡೀ ದೇಶಕ್ಕೆ ಬಂದಿದ್ದರೂ ಮರುವರ್ಷವೇ ಈ ಊರಲ್ಲಿ ಯಾಕೆ ಆಯಿತು ಎಂದು ಕೇಳಿ. ಹೆಮ್ಮೆಗೆ ಇದರಿಂದ ಕುಂದು ಬರುವುದಿಲ್ಲ. ಕಾರಣ ಗೊತ್ತಿದ್ದ ಹೆಮ್ಮೆ ಮಗುವಿನ ಸ್ವಂತದ್ದಾಗುತ್ತದೆ.

ಒಂದು ಮಾತು ಗಮನಿಸಿದಿರಾ? ಮಣ್ಣು, ಮೆಣಸಿನಕಾಯಿ, ಊರ ಸಂಘ, ಮೂರರಲ್ಲೂ ಮಕ್ಕಳಿಗೆ ಮೊದಲೇ ಏನೋ ಗೊತ್ತಿತ್ತು. ಯೋಚನೆಗೆ ಕಚ್ಚಾ ಮಾಲು ಬೇಕು. ಏನೂ ಗೊತ್ತಿಲ್ಲದ ಸಂಗತಿಯ ಬಗ್ಗೆ ‘ವಿಮರ್ಶೆ ಮಾಡು’ ಅಂದರೆ ದೊಡ್ಡವರೂ ಬಾಯಿಗೆ ಬಂದದ್ದು ಹೇಳುತ್ತಾರೆ. ಹಾಗಾಗಿ ಬರೀ ‘ಚಿಂತನಾ ಕೌಶಲ’ಕ್ಕೆ ಎಂದು ವಾರಕ್ಕೊಂದು ಪಿರಿಯಡ್ ತೆಗೆದಿಟ್ಟು ಒಗಟು, ಪಜಲ್ ಮಾಡಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಮಕ್ಕಳಿಗೆ ಖುಷಿಯಾಗುತ್ತದೆ, ಅದು ಬೇರೆ ಮಾತು. ಒಗಟು ಬಿಡಿಸುವ ಜಾಣತನ ತಾನಾಗಿ ವಿಜ್ಞಾನದ ಪಾಠಕ್ಕೆ ಹರಿದು ಬರುವುದನ್ನು ನಾನು ಕಂಡಿಲ್ಲ. ಗುರಿಯನ್ನು ಪಾಠದ ಹೊಟ್ಟೆಯೊಳಗೇ ಇಡಿ. ‘ಸಿಲೆಬಸ್ ಮುಗಿಯುವುದು ಹೇಗೆ’ ಎಂಬ ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ. ಎಲ್ಲ ಪಾಠಕ್ಕೂ ಬಾಟಲಿ ಪ್ರಯೋಗ ಬೇಡ. ತಿಂಗಳಿಗೆ ಎರಡು ಪಾಠ ಆರಿಸಿ ಅಲ್ಲಿ ನಿಧಾನವಾಗಿ ಹೋಗಿ. ಉಳಿದವನ್ನು ನೀವು ಈಗ ಹೇಗೆ ಮಾಡುತ್ತೀರೋ ಹಾಗೇ ಮಾಡಿ, ಆದರೆ ದಿನಕ್ಕೊಂದು “ಹೆಂಗ ಗೊತ್ತಾತು?” ಇರಲಿ.

ನಾಲ್ಕೈದು ಮಂದಿಯೇ ಮಾತಾಡುತ್ತಾರೆ ಎಂದು ಬರೆದಿದ್ದೀರಿ. ಇದಕ್ಕೆ ಎರಡು ಕಾರಣ ಇರಬಹುದು. ಒಂದನ್ನು ನೀವು ನಾಳೆಯೇ ಸರಿಪಡಿಸಬಹುದು. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ಸಂಗತಿ ಕಂಡುಕೊಂಡರು: ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟು ಕಾಯುತ್ತಾರೆ. ಯಾರೂ ಹೇಳದಿದ್ದರೆ ಮತ್ತೆ ಕೇಳುತ್ತಾರೆ, ಇಲ್ಲವೆ ತಾವೇ ಹೇಳಿಬಿಡುತ್ತಾರೆ. ಆ ಸಮಯವನ್ನು ಮೂರು ಸೆಕೆಂಡು ಅಥವಾ ಹೆಚ್ಚು ಮಾಡಿದಾಗ ಮಕ್ಕಳ ಉತ್ತರ ಉದ್ದವಾಯಿತು, ಹಿಂದೆ ಉಳಿದವರು ಎನಿಸಿಕೊಂಡವರೂ ಮಾತಾಡತೊಡಗಿದರು. ಮೂರು ಸೆಕೆಂಡು ಏನು ಮಹಾ ಎಂದು ಅನಿಸಬಹುದು. 42 ಮಕ್ಕಳ ಮುಂದೆ ಮೌನವಾಗಿ ನಿಂತಾಗ ಅದು ಬಹಳ ಉದ್ದ. ನಾನು ಮನಸ್ಸಿನಲ್ಲೇ ‘ಒಂದು, ಎರಡು, ಮೂರು, ನಾಲ್ಕು, ಐದು’ ಎಂದು ಎಣಿಸುವುದನ್ನು ರೂಢಿ ಮಾಡಿಕೊಂಡೆ. ಉತ್ತರ ಬಂದ ಮೇಲೂ ಇನ್ನೊಮ್ಮೆ ಎಣಿಸಬೇಕು, ಏಕೆಂದರೆ ಹೇಳಿದ ಮಗು ತಾನೇ ಮುಂದುವರಿಸುತ್ತದೆ, ಇಲ್ಲವೆ ಪಕ್ಕದ ಮಗು ತಿದ್ದುತ್ತದೆ. ಆದ್ದರಿಂದ ಮಕ್ಕಳ ಗುರಿಯ ಪಕ್ಕದಲ್ಲಿ ನಿಮಗಾಗಿ ಒಂದು ಗುರಿ ಬರೆದುಕೊಳ್ಳಿ: ‘ಪ್ರಶ್ನೆ ಕೇಳಿ ಐದು ಎಣಿಸುವ ತನಕ ನಾನು ಬಾಯಿ ತೆರೆಯುವುದಿಲ್ಲ.’ ಮಕ್ಕಳಿಗೆ ಇಟ್ಟ ಯಾವ ಗುರಿಯೂ ಶಿಕ್ಷಕರು ತಮಗೊಂದು ಇಟ್ಟುಕೊಳ್ಳದೆ ಈಡೇರಿದ್ದನ್ನು ನಾನು ನೋಡಿಲ್ಲ.

ಇನ್ನೊಂದು ಕಾರಣ ಭಾಷೆ. ಇದು ನಮ್ಮ ಭಾಗದ ಶಾಲೆಗಳಲ್ಲಿ ಯಾರೂ ಜೋರಾಗಿ ಹೇಳದ ಸಮಸ್ಯೆ. ಮಗು “ನೀರು ಹಿಡಿತೈತಿ” ಅಂದ ಕೂಡಲೇ ನಾವು “ಹಾಗಲ್ಲ, ‘ತೇವಾಂಶವನ್ನು ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯ ಹೊಂದಿದೆ’ ಅನ್ನು” ಎಂದು ತಿದ್ದುತ್ತೇವೆ. ಮಗುವಿಗೆ ತಿಳಿಯುವುದು ಒಂದೇ: ನಾನು ಹೇಳಿದ್ದು ತಪ್ಪು. ಅದರ ಯೋಚನೆ ಸರಿಯಿತ್ತು, ಮಾತು ಮನೆಯದಾಗಿತ್ತು ಅಷ್ಟೇ. ತಾಂಡಾದ ಮಕ್ಕಳಿಗಂತೂ ನಮ್ಮ ಆಡುಮಾತೇ ಎರಡನೆಯ ಭಾಷೆ, ಪುಸ್ತಕದ ಭಾಷೆ ಮೂರನೆಯದು. ಅವರು ಗುಂಪಿನಲ್ಲಿ ಲಂಬಾಣಿಯಲ್ಲೇ ಚರ್ಚಿಸಲಿ, ಅದರಲ್ಲೇ ಜಗಳಾಡಲಿ. ಒಬ್ಬರು ಅದನ್ನು ಕನ್ನಡದಲ್ಲಿ ತರಗತಿಗೆ ಹೇಳಲಿ. ಯೋಚನೆಯ ಗುರಿಯನ್ನು ಅಳೆಯುವ ದಿನ ಭಾಷೆಯ ತಪ್ಪು ಎಣಿಸಬೇಡಿ. ಪುಸ್ತಕದ ಪದವನ್ನು ಮರುದಿನ ಕಲಿಸಿ. ಆಗ ಆ ಪದ ಮಗುವಿಗೆ ಈಗಾಗಲೇ ಗೊತ್ತಿರುವ ಒಂದು ವಿಷಯದ ಹೆಸರಾಗಿ ಬರುತ್ತದೆ.

ಇನ್ನು ಲೆಕ್ಕ ಇಡುವುದು. ಒಂದು ನೂರು ಪುಟದ ನೋಟ್‌ಬುಕ್ ಸಾಕು. 42 ಮಕ್ಕಳನ್ನು ದಿನಕ್ಕೆ ಆರು ಮಂದಿಯಂತೆ ಹಂಚಿದರೆ ಏಳು ಶಾಲಾ ದಿನದಲ್ಲಿ ಒಂದು ಸುತ್ತು. ಆ ದಿನ ಆ ಆರು ಮಂದಿಯ ಮಾತನ್ನಷ್ಟೇ ಕಿವಿಗೊಟ್ಟು ಕೇಳಿ. ಹೇಳಿಕೆ ಮಾತ್ರ ಇದ್ದರೆ ಹೆಸರಿನ ಮುಂದೆ ಒಂದು ಚುಕ್ಕಿ, ಕಾರಣವಿದ್ದರೆ ಎರಡು, ಆಧಾರ ಸೇರಿದರೆ ಮೂರು, ‘ಎಲ್ಲಿಯವರೆಗೆ ನಿಜ’ ಎಂದು ತಾನೇ ಕೇಳಿದರೆ ನಾಲ್ಕು. ಸಾಧ್ಯವಾದರೆ ಮಗು ಆಡಿದ ಒಂದು ವಾಕ್ಯವನ್ನು ಇದ್ದ ಹಾಗೇ ಬರೆದುಕೊಳ್ಳಿ. ಚುಕ್ಕಿಗಿಂತ ಆ ವಾಕ್ಯಕ್ಕೆ ಬೆಲೆ ಹೆಚ್ಚು. ಜೊತೆಗೆ ಜೂನ್, ನವೆಂಬರ್, ಮಾರ್ಚ್‌ನಲ್ಲಿ ಒಂದೊಂದು ಬರಹದ ಪ್ರಶ್ನೆ ಕೊಟ್ಟು ಹಾಳೆಗಳನ್ನು ಜೋಪಾನವಾಗಿ ಇಡಿ. ಹೋಲಿಸಬೇಕಾದದ್ದು ಒಂದು ಮಗುವಿನ ಜೂನ್ ಹಾಳೆಯನ್ನು ಅದೇ ಮಗುವಿನ ಮಾರ್ಚ್ ಹಾಳೆಯ ಜೊತೆ.

ಈ ಚುಕ್ಕಿಗಳನ್ನು ಅಂಕ ಮಾಡಬೇಡಿ, ಗೋಡೆಗೆ ಅಂಟಿಸಬೇಡಿ, ಮಕ್ಕಳಿಗೆ ತೋರಿಸಲೂ ಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಒಂದು ಶಾಲೆಯಲ್ಲಿ ಕಾರಣ ಹೇಳಿದವರಿಗೆ ಎರಡು ಅಂಕ ಎಂದು ಸಾರಿದ ಮೇಲೆ ಪ್ರತಿ ಉತ್ತರದಲ್ಲೂ ‘ಏಕೆಂದರೆ’ ಬಂತು. “ಮಳೆ ಬರುತ್ತದೆ, ಏಕೆಂದರೆ ಮಳೆ ಬೀಳುತ್ತದೆ.” ಮಕ್ಕಳು ನಾವು ಏನನ್ನು ಎಣಿಸುತ್ತೇವೋ ಅದನ್ನು ತಯಾರು ಮಾಡಿ ಕೊಡುತ್ತಾರೆ. ಇಲಾಖೆ ಕೇಳುವ ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ಕಲಿಕೆ ನಡೆಯುತ್ತಿರುವಾಗಲೇ ಮಾಡುವ ಮೌಲ್ಯಮಾಪನದ ಅಂಕಗಳು ತಮ್ಮ ದಾರಿಯಲ್ಲಿ ನಡೆಯಲಿ, ಈ ನೋಟ್‌ಬುಕ್ ನಿಮ್ಮ ಕಣ್ಣಿಗಾಗಿ.

ಪಾಲಕರ ಸಭೆಯಲ್ಲಿ “ಇದರಿಂದ ಎಸ್ಸೆಸ್ಸೆಲ್ಸಿಗೆ ಏನು ಉಪಯೋಗ” ಎಂಬ ಪ್ರಶ್ನೆ ಬಂದೇ ಬರುತ್ತದೆ. ಅವರಿಗೆ ಸಿಟ್ಟಾಗದೆ ಉತ್ತರಿಸಿ, ಅವರ ಆತಂಕ ನ್ಯಾಯದ್ದು. ನೀಲನಕ್ಷೆಯ ‘ಅನ್ವಯ’ದ ಕಾಲಂಗೆ ಬರುವ ಪ್ರಶ್ನೆಗಳು ಪುಸ್ತಕದ ಸಾಲನ್ನು ಕೇಳುವುದಿಲ್ಲ, ಹೊಸ ಸನ್ನಿವೇಶ ಕೊಟ್ಟು ಕಾರಣ ಕೇಳುತ್ತವೆ. ಏಳನೇ ತರಗತಿಯಿಂದ ಕಾರಣ ಹೇಳಿ ರೂಢಿಯಾದ ಮಗು ಅಲ್ಲಿ ಪೆನ್ನು ಕಚ್ಚುತ್ತ ಕೂರುವುದಿಲ್ಲ. 2017ರಿಂದ ಶಿಕ್ಷಣ ಹಕ್ಕಿನ ನಿಯಮಗಳಲ್ಲೇ ತರಗತಿವಾರು ಕಲಿಕಾ ಫಲಗಳ, ಅಂದರೆ ಯಾವ ತರಗತಿಯಲ್ಲಿ ಮಗುವಿಗೆ ಏನು ಬರಬೇಕು ಎಂಬುದರ ಮಾತು ಸೇರಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವಿಮರ್ಶಾತ್ಮಕ ಚಿಂತನೆಗೆ ಜಾಗ ಮಾಡಲು ಪಠ್ಯದ ಭಾರ ಇಳಿಸಬೇಕು ಎನ್ನುತ್ತದೆ. ನೀವು ಮಾಡುವುದು ನಿಯಮದ ಹೊರಗಿನ ಕೆಲಸವೇನೂ ಅಲ್ಲ. ನಿಮ್ಮ ವಿಷಯದ ಕಲಿಕಾ ಫಲಗಳ ಪಟ್ಟಿ ತೆರೆದು ನೋಡಿದರೆ ‘ಕಾರಣ ವಿವರಿಸುವುದು’, ‘ಸರಳ ಪ್ರಯೋಗ ನಡೆಸುವುದು’ ಎಂಬ ಧಾಟಿಯ ಸಾಲುಗಳು ಸಿಗುತ್ತವೆ. ನಿಮ್ಮ ಗುರಿಯನ್ನು ಅವುಗಳ ಪಕ್ಕದಲ್ಲೇ ಬರೆದರೆ ಯಾರೂ ಆಕ್ಷೇಪ ಎತ್ತುವುದಿಲ್ಲ.

ಮೊದಲ ತಿಂಗಳು ಗೊಂದಲ ಆಗುತ್ತದೆ. ಮಕ್ಕಳು “ಟೀಚರ್ರೀ, ಸರಿ ಉತ್ತರ ಯಾವುದ್ರಿ, ಅದನ್ನ ಹೇಳಿಬಿಡ್ರಿ” ಎಂದು ಗಂಟು ಬೀಳುತ್ತಾರೆ. ಆರು ವರ್ಷ ಉತ್ತರ ಬರೆದುಕೊಂಡು ಬಂದ ಮಕ್ಕಳು ಹಾಗೆ ಕೇಳುವುದು ಸಹಜ. ಉತ್ತರ ಇರುವ ಪ್ರಶ್ನೆಗೆ ಪಿರಿಯಡ್ ಮುಗಿಯುವ ಮೊದಲು ಉತ್ತರ ಹೇಳಿ, ಅವರನ್ನು ಮನೆಗೆ ತೊಳಲಾಡುತ್ತ ಕಳಿಸಬೇಡಿ. ನಿಮಗೇ ಗೊತ್ತಿಲ್ಲದ ಪ್ರಶ್ನೆ ಬಂದರೆ “ನನಗೂ ಗೊತ್ತಿಲ್ಲವ್ವಾ, ಕೂಡಿ ಹುಡುಕೋಣು” ಅನ್ನಿ, ಮತ್ತು ಮರುದಿನ ಹುಡುಕಿ ತನ್ನಿ. ಬಿರುಕಿನ ಪ್ರಶ್ನೆ ಕೇಳಿದ ಹುಡುಗಿಗೆ ಅವಳ ಶಿಕ್ಷಕಿ ಹೇಳಿದ್ದು ಇದನ್ನೇ. ಮರುದಿನ ಎರಿ ಮಣ್ಣನ್ನು ಪುಡಿ ಮಾಡದೆ, ಹೆಂಟೆ ಹೆಂಟೆಯಾಗಿಯೇ ಬಾಟಲಿಗೆ ತುಂಬಿ ನೀರು ಹಾಕಿದರು. ನೀರು ಸರ್ರನೆ ಇಳಿಯಿತು. ಹುಡುಗಿ ಬಾಟಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡುತ್ತಲೇ ಇದ್ದಳು.

ಆ ಅಧಿಕಾರಿ ಮುಂದಿನ ಮಾರ್ಚ್‌ನಲ್ಲಿ ಮತ್ತೆ ಬಂದರೆ ಪಾಠ ಯೋಜನೆಯ ವಹಿಯ ಜೊತೆಗೆ ಆ ನೋಟ್‌ಬುಕ್ಕನ್ನೂ ಕೊಡಿ. ಯಾವುದಾದರೂ ಮೂರು ಮಕ್ಕಳ ಜೂನ್, ಮಾರ್ಚ್ ಹಾಳೆಗಳನ್ನು ಅವರ ಮುಂದೆ ಜೋಡಿಸಿ ಇಡಿ. ಆ ಮೂವರಲ್ಲಿ ಒಬ್ಬರಾದರೂ ಜೂನ್‌ನಲ್ಲಿ ಬಾಯಿ ಬಿಡದೆ ಇದ್ದ ಮಗುವಾಗಿರಲಿ.